ಎರಡು ತಪ್ಪು ಸೇರಿ ಒಂದು ಸರಿಯಾದ ಮಟ್ಟ

ನೆರೆ ಇಳಿದ ಮೇಲೆ ಗೋಡೆಗಳ ಮೇಲೆ ಉಳಿದ ಕೆಸರಿನ ಗೆರೆಗಳನ್ನು ಸರ್ವೆ ತಂಡ ಅಳೆದು ತರುತ್ತದೆ. ಕಂಪ್ಯೂಟರಿನಲ್ಲಿ ಓಡಿಸಿದ ಪ್ರವಾಹ ಮಾದರಿ ಅದೇ ಜಾಗಗಳಲ್ಲಿ ತೋರಿಸುವ ಮಟ್ಟಕ್ಕೂ ಆ ಗೆರೆಗಳಿಗೂ ಹತ್ತು ಸೆಂಟಿಮೀಟರಿಗಿಂತ ಹೆಚ್ಚು ಅಂತರವಿಲ್ಲ. ಇಷ್ಟಾದರೆ ಎಲ್ಲರೂ ನಿರಾಳರಾಗುತ್ತಾರೆ. ‘ಮಾದರಿ ವಾಸ್ತವಕ್ಕೆ ಹೊಂದುತ್ತದೆ’ ಎಂಬ ಸಾಲು ವರದಿಗೆ ಸೇರುತ್ತದೆ. ನನ್ನ ಪ್ರಕಾರ ನಿಜವಾದ ತನಿಖೆ ಶುರುವಾಗಬೇಕಾದದ್ದು ಅಲ್ಲಿಂದ.

ಕಾರಣ, ಹರಿವು, ಇಳಿಜಾರು ಮತ್ತು ಒರಟುತನದಿಂದ ನೀರಿನ ಆಳವನ್ನು ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರದಲ್ಲೇ ಇದೆ. ಅಗಲವಾದ ನದಿಯಲ್ಲಿ ನೀರಿನ ಆಳವನ್ನು ಹರಿವಾಗಲಿ (ಸೆಕೆಂಡಿಗೆ ಸಾಗುವ ನೀರಿನ ಗಾತ್ರ), ಒರಟುತನವಾಗಲಿ (ತಳ ಮತ್ತು ದಂಡೆ ನೀರನ್ನು ತಡೆಯುವ ಪ್ರಮಾಣ) ಒಂಟಿಯಾಗಿ ನಿರ್ಧರಿಸುವುದಿಲ್ಲ. ಎರಡರ ಗುಣಲಬ್ಧ ನಿರ್ಧರಿಸುತ್ತದೆ. ಇಳಿಜಾರು ಅದೇ ಇದ್ದರೆ ಆಳವು ಆ ಗುಣಲಬ್ಧದ 0.6ನೇ ಘಾತದಂತೆ ಏರುತ್ತದೆ. ಹರಿವನ್ನು ನಿಜಕ್ಕಿಂತ ಶೇ. 30 ಹೆಚ್ಚು ಎಂದುಕೊಂಡು, ಒರಟುತನದ ಸಂಖ್ಯೆಯನ್ನು 0.040ರಿಂದ 0.031ಕ್ಕೆ ಇಳಿಸಿದರೆ ಆಳ ಕದಲುವುದೇ ಇಲ್ಲ. ಎರಡು ತಪ್ಪು ಒಂದನ್ನೊಂದು ಮುಚ್ಚಿಹಾಕುತ್ತವೆ, ಕೆಸರಿನ ಗೆರೆ ಕರಾರುವಾಕ್ಕಾಗಿ ಹೊಂದುತ್ತದೆ. ಕದಲುವುದು ವೇಗ. ಅದು ಶೇ. 30 ಏರಿರುತ್ತದೆ. ಆರು ಗಂಟೆಯಲ್ಲಿ ಬರಬೇಕಾದ ನೀರು ಮಾದರಿಯಲ್ಲಿ ನಾಲ್ಕೂವರೆ ಗಂಟೆಗೆ ಬಂದುಬಿಡುತ್ತದೆ. ಗೋಡೆಯ ಮೇಲಿನ ಗೆರೆ ಎತ್ತರವನ್ನು ಹೇಳುತ್ತದೆ, ಗಂಟೆಯನ್ನು ಹೇಳುವುದಿಲ್ಲ. ಹಾಗಾಗಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇದರ ಹೊಡೆತ ಬೀಳುವುದು ಮುಂದಿನ ಹಂತದಲ್ಲಿ. ಹಳೆಯ ಪ್ರವಾಹಕ್ಕೆ ಹೊಂದಿಸಿದ ಅದೇ 0.031 ಅನ್ನು ಇಟ್ಟುಕೊಂಡು ವಿನ್ಯಾಸದ ದೊಡ್ಡ ಪ್ರವಾಹವನ್ನು ಓಡಿಸುತ್ತಾರೆ. ಆದರೆ ಈ ಬಾರಿ ಹರಿವು ಬರುವುದು ಮಳೆಯ ಲೆಕ್ಕದಿಂದ. ಮೊದಲಿನ ಶೇ. 30ರ ಉಬ್ಬರ ಇದರಲ್ಲಿ ಇರಬೇಕೆಂದಿಲ್ಲ. ಮುಚ್ಚುತ್ತಿದ್ದ ತಪ್ಪು ಹೋಯಿತು, ಮುಚ್ಚಿಸಿಕೊಳ್ಳುತ್ತಿದ್ದದ್ದು ಉಳಿಯಿತು. ನಿಜವಾದ ಆಳ 6 ಮೀಟರ್ ಇರುವ ಕಡೆ ಮಾದರಿ 5.15 ಮೀಟರ್ ತೋರಿಸುತ್ತದೆ. ನದಿಯ ಒಡ್ಡನ್ನು ಕಟ್ಟುವಾಗ ಪ್ರವಾಹದ ಮಟ್ಟಕ್ಕಿಂತ ಮೇಲೆ ಬಿಡುವ ಅಂತರ ಬಹಳಷ್ಟು ಕಡೆ ಒಂದು ಮೀಟರಿನ ಆಸುಪಾಸು. ಈ 85 ಸೆಂಟಿಮೀಟರ್ ಅದನ್ನು ಹೆಚ್ಚುಕಡಿಮೆ ಪೂರ್ತಿ ನುಂಗಿಹಾಕುತ್ತದೆ.

ಅಣೆಕಟ್ಟೆ ಮತ್ತು ನೆರೆಬಯಲಿನ ಮಾದರಿಗಳಲ್ಲಿ ಸಮೀಕರಣಗಳು ಕೈಕೊಡುವುದು ಕಡಿಮೆ. ಹರಿಯುವ ನೀರಿನ ನಡೆಯನ್ನು ಹೇಳುವ ಸೇಂಟ್ ವೆನಾಂಟ್ ಸಮೀಕರಣಗಳು ಹತ್ತೊಂಬತ್ತನೇ ಶತಮಾನದಿಂದ ಇವೆ. ಅವನ್ನು ಬಿಡಿಸುವ ಹೆಕ್-ರಾಸ್‌ನಂಥ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ತೊಂದರೆ ಇರುವುದು ಬೆಸುಗೆಗಳಲ್ಲಿ: ಮಳೆಯ ಲೆಕ್ಕ ಹರಿವಿಗೆ, ಹರಿವು ಜಲಾಶಯಕ್ಕೆ, ಜಲಾಶಯ ನದಿಗೆ, ನದಿ ನಕ್ಷೆಗೆ ಕೈಬದಲಾಗುವ ಜಾಗಗಳಲ್ಲಿ. ಒಂದು ಕೊಂಡಿಯ ತಪ್ಪನ್ನು ಇನ್ನೊಂದು ಕೊಂಡಿ ತನ್ನ ಮೈಮೇಲೆ ಎಳೆದುಕೊಂಡು ಸುಮ್ಮನಿರುತ್ತದೆ.

ಹರಿವನ್ನು ಅಳೆದವರು ಯಾರು?

ಪ್ರವಾಹದ ಶಿಖರದ ಹೊತ್ತಿನಲ್ಲಿ ನದಿಯ ಹರಿವನ್ನು ನೇರವಾಗಿ ಅಳೆಯುವುದು ಅಪರೂಪ. ಆ ಸೆಳೆತದಲ್ಲಿ, ತೇಲಿಬರುವ ಮರಗಳ ನಡುವೆ ಉಪಕರಣ ಇಳಿಸುವುದು ಪ್ರಾಣಕ್ಕೆ ಅಪಾಯ. ಅಳೆಯುವುದು ಮಟ್ಟವನ್ನು ಮಾತ್ರ. ಅದನ್ನು ರೇಟಿಂಗ್ ಕರ್ವ್, ಅಂದರೆ ಯಾವ ಮಟ್ಟಕ್ಕೆ ಎಷ್ಟು ಹರಿವು ಎಂದು ತೋರಿಸುವ ಗೆರೆಯ ಮೇಲಿಟ್ಟು ಹರಿವನ್ನು ಓದಿಕೊಳ್ಳುತ್ತಾರೆ. ಆ ಗೆರೆಯನ್ನು ಹುಟ್ಟಿಸಿದ ಅಳತೆಗಳೋ ಸಾಧಾರಣ ಹರಿವಿನ ದಿನಗಳವು. ನೀರು ದಂಡೆ ಮೀರಿದ ಮೇಲೆ ಗೆರೆಯನ್ನು ಅದೇ ಓಟದಲ್ಲಿ ಮೇಲಕ್ಕೆ ಎಳೆದಿರುತ್ತಾರೆ. ಆದರೆ ದಂಡೆ ಮೀರಿದ ನದಿ ಬೇರೆಯೇ ನದಿ. ಅಗಲ ಒಮ್ಮೆಲೇ ಹತ್ತುಪಟ್ಟಾಗಬಹುದು, ಬಯಲಿನ ಬೆಳೆ ಮತ್ತು ಬೇಲಿಗಳ ನಡುವೆ ನೀರು ತೆವಳಬಹುದು, ಕೆಳಗಿನ ಸೇತುವೆಯೊಂದು ನೀರನ್ನು ಹಿಂದಕ್ಕೆ ಒತ್ತಬಹುದು. ಅದರ ಜೊತೆಗೆ ಪ್ರವಾಹ ಏರುವಾಗಿನ ಹರಿವು, ಅದೇ ಮಟ್ಟದಲ್ಲಿ ಇಳಿಯುವಾಗಿನ ಹರಿವಿಗಿಂತ ಹೆಚ್ಚು. ಇಳಿಜಾರು ಮಂದವಿರುವ ನದಿಗಳಲ್ಲಿ ಒಂದೇ ಗೆರೆ ಎರಡಾಗಿ ಕುಣಿಕೆಯಂತೆ ತೆರೆದುಕೊಳ್ಳುತ್ತದೆ.

ಅದಕ್ಕೆ ಯಾವ ಹರಿವಿನ ದಾಖಲೆ ಕೈಗೆ ಬಂದರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಕೇಂದ್ರದಲ್ಲಿ ಉಪಕರಣ ಇಳಿಸಿ ಅಳೆದ ಅತಿ ದೊಡ್ಡ ಹರಿವು ಎಷ್ಟು, ದಾಖಲೆಯಲ್ಲಿರುವ ಅತಿ ದೊಡ್ಡ ಹರಿವು ಎಷ್ಟು? ಎರಡನೆಯದು ಮೊದಲನೆಯದರ ಎರಡು ಪಟ್ಟು ಮೀರಿದ್ದರೆ ನಾನು ಅದನ್ನು ಅಳತೆ ಎನ್ನುವುದಿಲ್ಲ, ಅಂದಾಜು ಎನ್ನುತ್ತೇನೆ. ಅದಕ್ಕೆ ಮಾದರಿಯನ್ನು ಬಿಗಿಯಾಗಿ ಹೊಂದಿಸುವುದಿಲ್ಲ.

ಜಲಾಶಯದ ಒಳಹರಿವಿನ ದಾಖಲೆಯಲ್ಲಿ ಇನ್ನೊಂದು ಬಗೆಯ ಮೋಸವಿದೆ. ಅಲ್ಲಿ ಒಳಹರಿವನ್ನು ಅಳೆಯುವುದಿಲ್ಲ, ಹಿಂದಿನಿಂದ ಲೆಕ್ಕ ಹಾಕುತ್ತಾರೆ. ಹೊರಬಿಟ್ಟ ನೀರಿಗೆ ಸಂಗ್ರಹದ ಏರಿಕೆಯನ್ನು ಕೂಡಿಸುತ್ತಾರೆ. ಜಲಾಶಯದ ಮೈ 40 ಚದರ ಕಿ.ಮೀ. ಇದೆ ಎನ್ನಿ. ಮಟ್ಟ ಓದುವಾಗ ಒಂದೇ ಒಂದು ಸೆಂಟಿಮೀಟರ್ ತಪ್ಪಿದರೆ ಅದು 4 ಲಕ್ಷ ಘನ ಮೀಟರ್ ನೀರು. ಗಂಟೆಗೊಮ್ಮೆ ಲೆಕ್ಕ ಹಾಕುವ ಕಡೆ ಸೆಕೆಂಡಿಗೆ 111 ಘನ ಮೀಟರಿನ ತಪ್ಪು. ಗಾಳಿ ನೀರನ್ನು ಒಂದು ದಡಕ್ಕೆ ಒತ್ತಿದರೂ ಇಷ್ಟಾಗುತ್ತದೆ. ಗಂಟೆವಾರು ಒಳಹರಿವಿನ ಗ್ರಾಫ್ ಗರಗಸದ ಹಲ್ಲಿನಂತೆ ಕಾಣುವುದು, ಕೆಲವೊಮ್ಮೆ ಸೊನ್ನೆಗಿಂತ ಕೆಳಗಿಳಿಯುವುದು ಇದಕ್ಕೇ. ಆರು ಗಂಟೆಯ ಸರಾಸರಿ ತೆಗೆದರೆ ಹಲ್ಲು ಮಾಯವಾಗುತ್ತದೆ. ಆದರೆ ಚಿಕ್ಕ ಜಲಾನಯನದಲ್ಲಿ ಅದರ ಜೊತೆಗೆ ನಿಜವಾದ ಶಿಖರವೂ ಬೋಳಾಗುತ್ತದೆ. ಹಾಗಾಗಿ ಇಂಥ ದಾಖಲೆಯಿಂದ ನೀರಿನ ಒಟ್ಟು ಗಾತ್ರವನ್ನು ನಂಬಿ, ಶಿಖರವನ್ನು ಅನುಮಾನದಿಂದ ನೋಡುವುದು ಒಳ್ಳೆಯದು.

ಮಳೆಯ ಕಡೆಯ ಬಡತನ

ಮಳೆಮಾಪಕದ ಬಾಯಿ ಊಟದ ತಟ್ಟೆಗಿಂತ ಚಿಕ್ಕದು, ಸುಮಾರು 20 ಸೆಂ.ಮೀ. ವ್ಯಾಸ. 300 ಚದರ ಕಿ.ಮೀ. ಜಲಾನಯನಕ್ಕೆ ಅಂಥವು ಮೂರಿದ್ದರೆ, ಅವು ಹಿಡಿದ ಮಳೆಯನ್ನು ಮುನ್ನೂರು ಕೋಟಿ ಪಟ್ಟು ದೊಡ್ಡ ಜಾಗಕ್ಕೆ ಹಿಗ್ಗಿಸುತ್ತಿದ್ದೇವೆ ಎಂದರ್ಥ. ಮಾಪಕಗಳು ಸಾಮಾನ್ಯವಾಗಿ ರಸ್ತೆ ಮತ್ತು ಮನೆ ಇರುವ ತಗ್ಗಿನಲ್ಲಿರುತ್ತವೆ, ಮಳೆ ಜೋರಾಗಿ ಬೀಳುವುದು ಯಾರೂ ಹೋಗದ ಗುಡ್ಡದ ನೆತ್ತಿಯಲ್ಲಿ. ಬಿರುಗಾಳಿ ಇದ್ದಾಗ ಹನಿಗಳು ಬಾಯಿಯನ್ನು ತಪ್ಪಿಸಿ ಹಾರಿಹೋಗುವುದರಿಂದ ಮಾಪಕ ಕಡಿಮೆಯನ್ನೇ ಹೇಳುತ್ತದೆ. ದೊಡ್ಡ ಮಳೆಗಳು ಬರುವುದೇ ಗಾಳಿಯ ಜೊತೆ.

ದಿನಕ್ಕೊಮ್ಮೆ ಓದುವ ಮಾಪಕವಾದರೆ ಇನ್ನೊಂದು ತೊಡಕು. ಓದುವ ಹೊತ್ತಿನ ಆಚೀಚೆ ಸುರಿದ ಒಂದೇ ಮಳೆ ಎರಡು ದಿನಕ್ಕೆ ಹಂಚಿಹೋಗುತ್ತದೆ. ದಿನದ ಗರಿಷ್ಠ ಮಳೆಯಿಂದ ಯಾವುದೇ 24 ಗಂಟೆಯ ಗರಿಷ್ಠಕ್ಕೆ ಹೋಗಲು 1.13ರಿಂದ ಗುಣಿಸುವ ರೂಢಿ ಬಂದದ್ದು ಇದಕ್ಕೆ. ಇದನ್ನು ಮರೆತ ಲೆಕ್ಕಗಳು ಕಡಿಮೆಯಲ್ಲ. ಎರಡು ಸಲ ಗುಣಿಸಿದವೂ ಇವೆ, ಏಕೆಂದರೆ ಪಟ್ಟಿ ಕೊಟ್ಟವರು ಮೊದಲೇ ಗುಣಿಸಿದ್ದರೋ ಇಲ್ಲವೋ ಎಂಬುದನ್ನು ಬರೆದಿರುವುದಿಲ್ಲ.

ಮಳೆಯಲ್ಲಿ ಎಷ್ಟು ನೆಲಕ್ಕಿಳಿಯುತ್ತದೆ, ಎಷ್ಟು ಹರಿದು ಬರುತ್ತದೆ ಎನ್ನುವುದಕ್ಕೆ ಹೆಚ್ಚಿನವರು ಬಳಸುವುದು ಕರ್ವ್ ನಂಬರ್ ವಿಧಾನ. ಮಣ್ಣಿನ ಗುಂಪು ಮತ್ತು ಭೂಬಳಕೆ ನೋಡಿ ಪಟ್ಟಿಯಿಂದ ಒಂದು ಸಂಖ್ಯೆಯನ್ನು ಎತ್ತಿಕೊಳ್ಳುತ್ತಾರೆ. 150 ಮಿ.ಮೀ. ಮಳೆಗೆ ಆ ಸಂಖ್ಯೆ 75 ಆದರೆ ಹರಿದು ಬರುವುದು 81 ಮಿ.ಮೀ., 85 ಆದರೆ 107 ಮಿ.ಮೀ. ಅಂದರೆ ಮೂರನೇ ಒಂದರಷ್ಟು ಹೆಚ್ಚು. ಅದೇ 50 ಮಿ.ಮೀ. ಮಳೆಗೆ 75ರಲ್ಲಿ 9 ಮಿ.ಮೀ., 85ರಲ್ಲಿ ಹತ್ತಿರ ಹತ್ತಿರ 20 ಮಿ.ಮೀ., ಎರಡು ಪಟ್ಟಿಗಿಂತ ಹೆಚ್ಚು. ಮಳೆ ಚಿಕ್ಕದಾದಷ್ಟೂ ಫಲಿತಾಂಶ ಈ ಸಂಖ್ಯೆಯ ಕೈಗೊಂಬೆ. ಮಾದರಿಯನ್ನು ಹೊಂದಿಸಲು ದಾಖಲೆ ಸಿಗುವುದೋ ಚಿಕ್ಕ ಮತ್ತು ಮಧ್ಯಮ ಮಳೆಗಳದ್ದೇ.

ಇಲ್ಲಿಯೂ ಅದೇ ಮುಚ್ಚಾಟ. ಮಾಪಕಗಳು ಗುಡ್ಡದ ಮಳೆಯನ್ನು ತಪ್ಪಿಸಿಕೊಂಡಿವೆ ಎನ್ನಿ. ನದಿಯಲ್ಲಿ ಬಂದ ನೀರು ಲೆಕ್ಕಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಹೊಂದಿಸುವವರು ಕರ್ವ್ ನಂಬರನ್ನು ಏರಿಸುತ್ತಾರೆ, ಗೆರೆಗಳು ಒಂದರ ಮೇಲೊಂದು ಕೂರುತ್ತವೆ. ಈಗ ಅದು ಮಣ್ಣಿನ ಗುಣವಾಗಿ ಉಳಿದಿಲ್ಲ, ಕಾಣೆಯಾದ ಮಳೆಯನ್ನು ತುಂಬಿಕೊಡುವ ಸಂಖ್ಯೆಯಾಗಿದೆ. ನಂತರ ಗುಡ್ಡದ ಮಳೆಯನ್ನೂ ಸೇರಿಸಿ ಸಿದ್ಧಪಡಿಸಿದ ಗರಿಷ್ಠ ಸಂಭವನೀಯ ಮಳೆಯನ್ನು ಅದೇ ಮಾದರಿಗೆ ಹಾಕಿದರೆ ಒಂದೇ ನೀರನ್ನು ಎರಡು ಸಲ ಎಣಿಸಿದಂತೆ. ಪಟ್ಟಿ ಹೇಳುವ ಸಂಖ್ಯೆಗೂ ಹೊಂದಿಸಿದ ಸಂಖ್ಯೆಗೂ ಎಂಟು ಹತ್ತು ಅಂಕಗಳ ಅಂತರ ಬಂದರೆ ಮಣ್ಣನ್ನಲ್ಲ, ಮಳೆಯ ದಾಖಲೆಯನ್ನು ಮತ್ತೊಮ್ಮೆ ನೋಡಬೇಕು. ಇನ್ನೊಂದು ಸಣ್ಣ ಎಚ್ಚರಿಕೆ: ಪಟ್ಟಿಗಳು ಹುಟ್ಟಿದ್ದು ಆರಂಭಿಕ ನಷ್ಟದ ಅನುಪಾತ (ನೀರು ಹರಿಯುವ ಮೊದಲೇ ನೆಲ ಹಿಡಿದುಕೊಳ್ಳುವ ಮಳೆಗೂ ಅದು ಒಟ್ಟು ಹಿಡಿಯಬಲ್ಲ ನೀರಿಗೂ ಇರುವ ಅನುಪಾತ) 0.2 ಎಂಬ ನಂಬಿಕೆಯ ಮೇಲೆ. ಈಚೆಗೆ ಕೆಲವರು 0.05 ಬಳಸುತ್ತಾರೆ, ಅದಕ್ಕೆ ಆಧಾರವೂ ಇದೆ. ಆದರೆ ಕರ್ವ್ ನಂಬರನ್ನು ಪರಿವರ್ತಿಸದೆ ಅನುಪಾತವನ್ನಷ್ಟೇ ಬದಲಿಸಿದರೆ ಲೆಕ್ಕ ಎರಡೂ ಕಡೆಗೆ ಸಲ್ಲದು.

ಹರಿದ ನೀರು ಎಷ್ಟು ಹೊತ್ತಿಗೆ ಒಂದೆಡೆ ಸೇರುತ್ತದೆ ಎನ್ನುವುದು ಶಿಖರವನ್ನು ನಿರ್ಧರಿಸುತ್ತದೆ. ಸಮಯವನ್ನು ಅರ್ಧ ಮಾಡಿದರೆ ಯೂನಿಟ್ ಹೈಡ್ರೋಗ್ರಾಫಿನ (ಹರಿದು ಬರುವ ಒಂದು ಘಟಕ ಮಳೆಗೆ ನದಿ ಹೇಗೆ ಏರಿ ಇಳಿಯುತ್ತದೆ ಎಂಬ ಗ್ರಾಫಿನ) ಶಿಖರ ಹೆಚ್ಚುಕಡಿಮೆ ಇಮ್ಮಡಿ. ಇಷ್ಟು ತೂಕದ ಸಂಖ್ಯೆಗೆ ಬಹಳಷ್ಟು ಜನ ಕಣ್ಣುಮುಚ್ಚಿ ಹಾಕುವ ಕಿರ್ಪಿಚ್ ಸೂತ್ರ 1940ರಲ್ಲಿ ಬಂದದ್ದು, ಅದೂ ಅಮೆರಿಕದ ಟೆನೆಸ್ಸಿಯ ಕೆಲವು ಪುಟ್ಟ ಹೊಲಗದ್ದೆಯ ಹಳ್ಳಗಳ ಅಳತೆಯಿಂದ. ಅದನ್ನು 500 ಚದರ ಕಿ.ಮೀ. ಕಾಡುಗುಡ್ಡಕ್ಕೆ ಹಚ್ಚಿದರೆ ಏನು ಬರುತ್ತದೋ ಅದು ಬರುತ್ತದೆ. ದೊಡ್ಡ ಪ್ರವಾಹದಲ್ಲಿ ನೀರು ಆಳವಾಗಿ, ಬೇಗ ಓಡುತ್ತದೆ. ಆದ್ದರಿಂದ ಚಿಕ್ಕ ಪ್ರವಾಹಗಳಿಂದ ತೆಗೆದ ಯೂನಿಟ್ ಹೈಡ್ರೋಗ್ರಾಫಿನ ಶಿಖರವನ್ನು ಅತಿ ದೊಡ್ಡ ಪ್ರವಾಹಕ್ಕೆ ಬಳಸುವಾಗ ಶೇ. 25ರಿಂದ 50 ಏರಿಸುವ ಪದ್ಧತಿ ಇದೆ. ಲೆಕ್ಕದ ಹೆಜ್ಜೆಯ ಅವಧಿಯನ್ನೂ ನೋಡಬೇಕು. ಅದು ಲ್ಯಾಗ್ ಸಮಯದ (ಮಳೆಯ ನಡುಭಾಗದಿಂದ ಹರಿವಿನ ಶಿಖರದವರೆಗಿನ ಹೊತ್ತಿನ) ಶೇ. 29ಕ್ಕಿಂತ ಕಡಿಮೆ ಇರಲಿ ಎಂಬ ನಿಯಮವನ್ನು ಮೀರಿದರೆ ಶಿಖರ ಎರಡು ಹೆಜ್ಜೆಗಳ ನಡುವೆ ಬಿದ್ದು ಮಾಯವಾಗುತ್ತದೆ.

ಗೇಟು, ಕೋಡಿ, ಮಾಪಕ

ಜಲಾಶಯದೊಳಗೆ ಪ್ರವಾಹವನ್ನು ಸಾಗಿಸುವ ಲೆಕ್ಕ ಮಾದರಿಗಳಲ್ಲೇ ಅತಿ ಸರಳವಾದದ್ದು. ಬಂದದ್ದರಲ್ಲಿ ಹೋದದ್ದನ್ನು ಕಳೆದರೆ ಉಳಿದದ್ದು ಸಂಗ್ರಹ. 4 ಚದರ ಕಿ.ಮೀ. ಮೈಯ ಜಲಾಶಯ ಒಂದು ಮೀಟರ್ ಏರಿದರೆ ಒಂದು ಗಂಟೆ ಕಾಲ ಸೆಕೆಂಡಿಗೆ 1,100 ಘನ ಮೀಟರ್ ನೀರನ್ನು ಹಿಡಿದಿಟ್ಟಂತೆ. ಸರಳ ಲೆಕ್ಕವಾದ್ದರಿಂದ ಯಾರೂ ಅನುಮಾನಿಸುವುದಿಲ್ಲ, ಅನುಮಾನಿಸಬೇಕಾದದ್ದೆಲ್ಲ ಅದರ ಹೊರಗಿದೆ.

ಹೂಳಿನ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಇದೆ. ಹೂಳು ತುಂಬಿದರೆ ಪ್ರವಾಹ ತಡೆಯುವ ಶಕ್ತಿ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ ಎಂದುಕೊಳ್ಳುತ್ತಾರೆ. ಜಲಾಶಯ ಪೂರ್ಣ ಮಟ್ಟದಲ್ಲಿರುವಾಗಲೇ ಪ್ರವಾಹ ಬರುತ್ತದೆ ಎಂದು ಲೆಕ್ಕ ಶುರುಮಾಡಿದರೆ ಆ ಮಟ್ಟದ ಕೆಳಗಿನ ಹೂಳು ಫಲಿತಾಂಶವನ್ನು ಅಷ್ಟೇನೂ ಬದಲಿಸುವುದಿಲ್ಲ. ಖಾಲಿ ಜಾಗವನ್ನು ನಂಬಿ, ಮುಂಗಡವಾಗಿ ಮಟ್ಟ ಇಳಿಸುವ ಯೋಜನೆ ಹಾಕಿದಾಗ ಅದು ಕೈಕೊಡುತ್ತದೆ. ಹಳೆಯ ಸಂಗ್ರಹ ಪಟ್ಟಿ ಇದೆ ಎಂದು ಹೇಳುವ ಜಾಗ ಅಲ್ಲಿ ಇರುವುದೇ ಇಲ್ಲ. ಜಲಾಶಯದ ತಲೆಯ ಕಡೆ, ನದಿ ಒಳಸೇರುವಲ್ಲಿ ನಿಂತ ಹೂಳು ಮಾತ್ರ ಯಾವಾಗಲೂ ತೊಂದರೆಯೇ. ಮೇಲಿನ ಹಳ್ಳಿಗಳಿಗೆ ನುಗ್ಗುವ ಹಿನ್ನೀರನ್ನು ಅದು ಎತ್ತರಿಸುತ್ತದೆ.

ಗೇಟುಗಳ ಮಾತಿಗೆ ಬಂದರೆ ಮಾದರಿಯಲ್ಲಿ ಎಲ್ಲ ಗೇಟುಗಳೂ ಹೇಳಿದ ಕ್ಷಣಕ್ಕೆ ತೆರೆಯುತ್ತವೆ. 1982ರ ಅಕ್ಟೋಬರ್ 20ರಂದು ಸ್ಪೇನಿನ ಟೋಸ್ ಅಣೆಕಟ್ಟೆಯಲ್ಲಿ ವಿದ್ಯುತ್ ಕೈಕೊಟ್ಟು ಗೇಟುಗಳನ್ನು ಎತ್ತಲಾಗಲಿಲ್ಲ. ನೀರು ಅಣೆಕಟ್ಟೆಯ ಮೇಲೆ ಹರಿದು ಅದು ಕೊಚ್ಚಿಹೋಯಿತು. ವಿದ್ಯುತ್ ಕಡಿತ ಮತ್ತು ಭಾರಿ ಮಳೆ ಬೇರೆ ಬೇರೆ ಘಟನೆಗಳಲ್ಲ, ಒಂದೇ ಬಿರುಗಾಳಿ ಎರಡನ್ನೂ ತರುತ್ತದೆ. ಆದ್ದರಿಂದ ಐದು ಗೇಟಿನ ಅಣೆಕಟ್ಟೆಯಲ್ಲಿ ನಾಲ್ಕು ಮಾತ್ರ ತೆರೆದ ಲೆಕ್ಕ, ಎಲ್ಲವೂ ಎರಡು ಗಂಟೆ ತಡವಾಗಿ ತೆರೆದ ಲೆಕ್ಕ, ಮರದ ದಿಮ್ಮಿಗಳು ಅಡ್ಡಬಿದ್ದು ಕೋಡಿಯ ಅಗಲ ಕುಗ್ಗಿದ ಲೆಕ್ಕ ಇವನ್ನೂ ಮೂಲ ಲೆಕ್ಕದಷ್ಟೇ ಗಂಭೀರವಾಗಿ ಓಡಿಸಬೇಕು.

ಮಾಪಕವೂ ಸುಳ್ಳು ಹೇಳಬಲ್ಲದು. ಅಮೆರಿಕದ ಮಿಸೌರಿಯ ಟಾಮ್ ಸಾಕ್ ಮೇಲಿನ ಜಲಾಶಯ 2005ರ ಡಿಸೆಂಬರ್ 14ರಂದು ಒಡೆದಾಗ ಪ್ರವಾಹದ ಮಳೆ ಇರಲಿಲ್ಲ. ಅದು ಪಂಪ್ ಮಾಡಿ ತುಂಬುವ ಜಲಾಶಯ. ಮಟ್ಟ ಅಳೆಯುವ ಸಂವೇದಕಗಳನ್ನು ಹಿಡಿದಿದ್ದ ಕೊಳವೆಗಳು ಸಡಿಲಗೊಂಡು ನಿಜಕ್ಕಿಂತ ಕಡಿಮೆ ಮಟ್ಟ ತೋರಿಸುತ್ತಿದ್ದವು, ಪಂಪುಗಳು ತುಂಬುತ್ತಲೇ ಹೋದವು.

ಇನ್ನು ಅಮೆರಿಕದ ಕ್ಯಾಲಿಫೋರ್ನಿಯಾದ ಆರೊವಿಲ್ ಅಣೆಕಟ್ಟೆ. 2017ರ ಫೆಬ್ರವರಿಯಲ್ಲಿ ಮುಖ್ಯ ಕೋಡಿಯ ಇಳಿಜಾರು ಕಿತ್ತುಹೋದ ಮೇಲೆ ನೀರು ತುರ್ತು ಕೋಡಿಯ ಮೇಲೆ ಹರಿಯಿತು. ಅದು ಹೊರಬಲ್ಲದು ಎಂದು ಕಾಗದದ ಮೇಲಿದ್ದ ಹರಿವಿನ ಮುಂದೆ ಅಂದು ಹರಿದದ್ದು ಅಲ್ಪ, ಸೆಕೆಂಡಿಗೆ ಸುಮಾರು 360 ಘನ ಮೀಟರ್. ಅಷ್ಟಕ್ಕೇ ಕೋಡಿಯ ಕೆಳಗಿನ ನೆಲ ಕೊರೆಯುತ್ತಾ ಮೇಲಕ್ಕೆ ಬಂತು. 1,80,000ಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೊರಡಬೇಕಾಯಿತು. ಕೋಡಿಯ ಸೂತ್ರಕ್ಕೆ ಉದ್ದ, ಗುಣಾಂಕ ಮತ್ತು ನೀರಿನ ಎತ್ತರ ಗೊತ್ತು. ಅದರ ಕೆಳಗಿರುವುದು ಗಟ್ಟಿ ಬಂಡೆಯೋ ಶಿಥಿಲವಾದ ಕಲ್ಲೋ ಅದಕ್ಕೆ ಗೊತ್ತಿಲ್ಲ. ಹರಿವಿನ ಮಾದರಿ ‘ಸಾಗಿಸಬಲ್ಲದು’ ಎಂದ ಕೂಡಲೇ ಭೂವಿಜ್ಞಾನಿಯನ್ನು ಕರೆದು ‘ಆ ವೇಗಕ್ಕೆ ಈ ನೆಲ ನಿಲ್ಲುತ್ತದೆಯೇ’ ಎಂದು ಕೇಳಬೇಕು.

ನೆಲದ ಎತ್ತರ

ನೆರೆಬಯಲಿನ ಮಾದರಿಯಲ್ಲಿ ಅತಿ ದೊಡ್ಡ ಪಾತ್ರ ನೆಲದ ಎತ್ತರದ್ದು. ಪ್ರಪಂಚದ ಬಹುಭಾಗಕ್ಕೆ ಸುಲಭವಾಗಿ ಸಿಗುವ ಎಸ್‌ಆರ್‌ಟಿಎಂ ದತ್ತಾಂಶ 2000ನೇ ಇಸವಿಯ ಫೆಬ್ರವರಿಯಲ್ಲಿ ಹನ್ನೊಂದು ದಿನಗಳಲ್ಲಿ ಬಾಹ್ಯಾಕಾಶ ನೌಕೆಯೊಂದರಿಂದ ರೇಡಾರ್ ಮೂಲಕ ತೆಗೆದದ್ದು. ಅದು ನೋಡುವುದು ನೆಲವನ್ನಲ್ಲ, ಮರಗಳ ನೆತ್ತಿಯ ಹತ್ತಿರದ ಮೇಲ್ಮೈಯನ್ನು. ನದಿಯಂಚಿನ ದಟ್ಟ ಮರಸಾಲು ಅದರಲ್ಲಿ ಎತ್ತರದ ಒಡ್ಡಿನಂತೆ ಕಾಣುತ್ತದೆ, ಮಾದರಿಯ ನೀರು ಪಾತ್ರದಲ್ಲೇ ಸೆರೆಯಾಗುತ್ತದೆ. 2022ರಲ್ಲಿ ಬಂದ ಎತ್ತರದ ದತ್ತಾಂಶ ಫ್ಯಾಬ್‌ಡೆಮ್ ಮರ ಮತ್ತು ಕಟ್ಟಡಗಳ ಎತ್ತರವನ್ನು ಕಳೆಯಲು ಯತ್ನಿಸುತ್ತದೆ. ಪ್ರಾಥಮಿಕ ಅಂದಾಜಿಗೆ ಅದು ಎಷ್ಟೋ ವಾಸಿ. ಮನೆಯ ಹೊಸ್ತಿಲ ಮಟ್ಟದಲ್ಲಿ ತೀರ್ಮಾನ ಬೇಕಿದ್ದರೆ ಮಾತ್ರ ವಿಮಾನದಿಂದ ಲೇಸರ್ ಕಿರಣ ಹಾಯಿಸಿ ನೆಲ ಅಳೆಯುವ ಲೈಡಾರ್ ಬಿಟ್ಟು ಬೇರೆ ದಾರಿಯಿಲ್ಲ.

ಲೈಡಾರ್ ಇದ್ದರೂ ಎರಡು ಕಡೆ ಕುರುಡು. ಸಾಮಾನ್ಯ ಲೈಡಾರ್ ಕಿರಣ ನೀರಿನೊಳಗೆ ಇಳಿಯುವುದಿಲ್ಲ, ಹಾರಾಟದ ದಿನದ ನೀರಿನ ಮೈಯನ್ನೇ ನದಿಯ ತಳವೆಂದು ಕೊಡುತ್ತದೆ. ಪಾತ್ರದ ಒಳಗಾತ್ರ ಹಾಗೆ ಕಾಣೆಯಾದರೆ ಚಿಕ್ಕ ಪ್ರವಾಹಗಳಲ್ಲಿ ನೀರು ಬೇಗ ದಂಡೆ ಮೀರುತ್ತದೆ. ಹೊಂದಿಸುವವರು ಒರಟುತನವನ್ನು ಇಳಿಸಿ ಸರಿದೂಗಿಸುತ್ತಾರೆ, ಕಾಣೆಯಾದ ತಳ ಆ ಸಂಖ್ಯೆಯೊಳಗೆ ಅಡಗಿ ಕೂರುತ್ತದೆ. ಎರಡನೆಯದು ಸೇತುವೆ ಮತ್ತು ಮೋರಿ. ಮೇಲಿನಿಂದ ನೋಡಿದರೆ ಸೇತುವೆಯ ಹಾಸು ನದಿಗೆ ಅಡ್ಡ ಕಟ್ಟಿದ ಗೋಡೆ. ಅದನ್ನು ಕತ್ತರಿಸಿ ತೆಗೆಯದಿದ್ದರೆ ಮಾದರಿಯಲ್ಲೊಂದು ಹೊಸ ಅಣೆಕಟ್ಟೆ ಎದ್ದಿರುತ್ತದೆ. ರಸ್ತೆಯ ಕೆಳಗಿನ ಮೋರಿಗಳನ್ನು ಯಾರಾದರೂ ನಡೆದು ಎಣಿಸದೆ ತಿಳಿಯುವ ಬಗೆಯಿಲ್ಲ.

ಎತ್ತರದ ಶೂನ್ಯರೇಖೆಯ ಗೊಂದಲವಂತೂ ಮುಗಿಯದ ಕಥೆ. ಉಪಗ್ರಹ ಆಧಾರಿತ ಉಪಕರಣ ಕೊಡುವ ದೀರ್ಘವೃತ್ತೀಯ (ಭೂಮಿಯ ಗಣಿತದ ಆಕಾರದಿಂದ ಅಳೆದ) ಎತ್ತರಕ್ಕೂ ಸಮುದ್ರಮಟ್ಟದ ಎತ್ತರಕ್ಕೂ ಕೆಲವು ಪ್ರದೇಶಗಳಲ್ಲಿ ನೂರು ಮೀಟರ್ ಅಂತರವಿದೆ. ಅದು ಅಪಾಯವಲ್ಲ, ನೋಡಿದ ಕೂಡಲೇ ಗೊತ್ತಾಗುತ್ತದೆ. ಅಪಾಯ ಇರುವುದು ಸಣ್ಣ ಅಂತರದಲ್ಲಿ. ಎಸ್‌ಆರ್‌ಟಿಎಂ ಬಳಸುವ ಜಿಯಾಯ್ಡ್ (ಸಮುದ್ರಮಟ್ಟವನ್ನು ಪ್ರತಿನಿಧಿಸುವ ಕಾಲ್ಪನಿಕ ಮೇಲ್ಮೈ) ಬೇರೆ, ಯುರೋಪಿನ ಕೋಪರ್ನಿಕಸ್ ದತ್ತಾಂಶದ ಜಿಯಾಯ್ಡ್ ಬೇರೆ. ಅಣೆಕಟ್ಟೆಯ ಮಟ್ಟಗಳು ಕಟ್ಟಿದ ಕಾಲದ ಸ್ಥಳೀಯ ಗುರುತಿನಿಂದ, ಪಟ್ಟಣದ ಸರ್ವೆ ಹೊಸ ಜಾಲದಿಂದ. ಇವುಗಳ ನಡುವಿನ 40 ಸೆಂಟಿಮೀಟರ್ ಯಾರಿಗೂ ವಿಚಿತ್ರವೆನಿಸುವುದಿಲ್ಲ, ಒರಟುತನವನ್ನು ಚೂರು ತಿದ್ದಿದರೆ ಹೊಂದಿಕೊಂಡುಬಿಡುತ್ತದೆ. ಅಣೆಕಟ್ಟೆಯಿಂದ ಪಟ್ಟಣದವರೆಗೆ ಒಂದೇ ಗುರುತಿನಿಂದ ಮಟ್ಟ ಹಾಯಿಸಿ ನೋಡುವ ಕೆಲಸಕ್ಕೆ ಕೆಲವು ದಿನ ಸಾಕು. ಖರ್ಚಿಗೆ ತಕ್ಕ ಫಲ ಇಷ್ಟು ಕೊಡುವ ಕೆಲಸ ಇಡೀ ಅಧ್ಯಯನದಲ್ಲಿ ಇನ್ನೊಂದಿಲ್ಲ ಎಂದು ನಾನು ಖಚಿತವಾಗಿ ನಂಬಿದ್ದೇನೆ.

ಬಯಲನ್ನು ಚಿಕ್ಕ ಕೋಶಗಳಾಗಿ ಕತ್ತರಿಸಿ ಲೆಕ್ಕ ಹಾಕುವ ಎರಡು ಆಯಾಮದ ಮಾದರಿಯಲ್ಲಿ ಜಾಲರಿಯ ಕೋಶಗಳ ಅಂಚುಗಳು ರಸ್ತೆಯ ದಿಬ್ಬ ಮತ್ತು ಒಡ್ಡುಗಳ ನೆತ್ತಿಯ ಮೇಲೆ ಕೂರಬೇಕು. ಹಾಗೆ ಬ್ರೇಕ್‌ಲೈನ್ ಎಳೆಯದಿದ್ದರೆ ಒಂದೇ ಕೋಶ ಒಡ್ಡಿನ ಎರಡೂ ಬದಿಗೆ ಚಾಚಿಕೊಂಡು ಒಡ್ಡಿಗಿಂತ ಕೆಳಗಿನ ನೀರೂ ಆಚೆ ಸೋರುತ್ತದೆ. ಕಾಲದ ಹೆಜ್ಜೆಯನ್ನು ನೀರಿನ ವೇಗವೊಂದನ್ನೇ ನೋಡಿ ಇಟ್ಟರೆ ಸಾಲದು. 4 ಮೀಟರ್ ಆಳದಲ್ಲಿ ಸೆಕೆಂಡಿಗೆ 3 ಮೀಟರ್ ಓಡುವ ನೀರಿನಲ್ಲಿ ಅಲೆಯ ವೇಗ ಸೆಕೆಂಡಿಗೆ 9.3 ಮೀಟರ್. 20 ಮೀಟರ್ ಕೋಶವನ್ನು ಅದು ಎರಡು ಸೆಕೆಂಡಿನಲ್ಲಿ ದಾಟುತ್ತದೆ. ಅಣೆಕಟ್ಟೆ ಒಡೆಯುವ ಲೆಕ್ಕಕ್ಕೆ ಡಿಫ್ಯೂಷನ್ ವೇವ್ ಎಂಬ ಸರಳ ರೂಪ ಸಲ್ಲದು, ಪೂರ್ಣ ಸಮೀಕರಣವೇ ಬೇಕು. ಕೋಶವನ್ನೂ ಹೆಜ್ಜೆಯನ್ನೂ ಅರ್ಧಕ್ಕೆ ಇಳಿಸಿ ಮತ್ತೊಮ್ಮೆ ಓಡಿಸಿ. ಮಟ್ಟ ಕೆಲವು ಸೆಂಟಿಮೀಟರಿಗಿಂತ ಹೆಚ್ಚು ಬದಲಾದರೆ ಮೊದಲನೆಯದು ಉತ್ತರವಾಗಿರಲಿಲ್ಲ. ಜಾಲರಿ ಬದಲಾದರೆ ಹಳೆಯ ಒರಟುತನವೂ ಸಲ್ಲದು, ದೊಡ್ಡ ಕೋಶಗಳು ತಾವೇ ಒಂದಿಷ್ಟು ಎಳೆತವನ್ನು ಸೇರಿಸಿರುತ್ತವೆ.

ನದಿಯ ಕೆಳಹರಿವಿನ ಕಡೆ ಮಾದರಿಯ ಗಡಿಯನ್ನು ಎಲ್ಲಿಡಬೇಕು ಎಂಬುದಕ್ಕೆ ಒಂದು ಸುಲಭ ಅಂದಾಜು ಇದೆ. ಆಳವನ್ನು ಇಳಿಜಾರಿನಿಂದ ಭಾಗಿಸಿ 0.7ರಿಂದ ಗುಣಿಸಿ. 4 ಮೀಟರ್ ಆಳ, 0.0003 ಇಳಿಜಾರು ಇದ್ದರೆ ಗಡಿಯ ತಪ್ಪು ಮೇಲಕ್ಕೆ ಸುಮಾರು 9 ಕಿ.ಮೀ. ತಲುಪುತ್ತದೆ. ಆಸಕ್ತಿಯ ಪಟ್ಟಣ ಅದರಿಂದಾಚೆ ಇರಬೇಕು.

ಕೆಸರಿನ ಗೆರೆಯೂ ಮಟ್ಟವನ್ನು ನೇರವಾಗಿ ಹೇಳುವುದಿಲ್ಲ. ಸೆಕೆಂಡಿಗೆ 3 ಮೀಟರ್ ವೇಗದ ನೀರು ಕಂಬದ ಮುಂಬದಿಗೆ ಬಡಿದು 46 ಸೆಂ.ಮೀ.ವರೆಗೆ ಏರಬಲ್ಲದು, ಹಿಂಬದಿಯಲ್ಲಿ ತಗ್ಗುತ್ತದೆ. ಯಾವ ಬದಿಯ ಗುರುತು ಎಂದು ಬರೆದಿಡದ ಸರ್ವೆಗೆ ಹತ್ತು ಸೆಂಟಿಮೀಟರಿನಲ್ಲಿ ಹೊಂದಿಸಿದೆವು ಎಂದು ಬೀಗುವುದರಲ್ಲಿ ಅರ್ಥವಿಲ್ಲ. ಮನೆಯೊಳಗೆ, ನಿಂತ ನೀರಿನಲ್ಲಿ ಉಳಿದ ಗುರುತು ಹೆಚ್ಚು ನಂಬಿಕಸ್ತ. ಅದರ ಜೊತೆ ‘ನೀರು ಅಂಗಳಕ್ಕೆ ಬಂದಾಗ ಎಷ್ಟು ಗಂಟೆ’ ಎಂದು ಆ ಮನೆಯವರನ್ನು ಕೇಳಿ ಬರೆದುಕೊಂಡರೆ ಹರಿವು ಮತ್ತು ಒರಟುತನದ ಮುಚ್ಚಾಟವನ್ನು ಬಿಡಿಸುವ ಎಳೆ ಸಿಕ್ಕಂತೆ. ಅರ್ಧ ಗಂಟೆ ಆಚೀಚೆಯಾದರೂ ಚಿಂತೆಯಿಲ್ಲ.

ಕಂಡಿ

ಮಣ್ಣಿನ ಅಣೆಕಟ್ಟೆಗೆ ಕಂಡಿ ಬಿದ್ದರೆ ಅದು ಎಷ್ಟು ಅಗಲ, ಎಷ್ಟು ಹೊತ್ತಿನಲ್ಲಿ ಬಾಯಿ ತೆರೆಯುತ್ತದೆ? ಹಿಂದಿನ ಒಡೆತಗಳ ಅಂಕಿಗಳಿಂದ ಕಟ್ಟಿದ ಸೂತ್ರಗಳು ಹಲವಿವೆ. 2 ಕೋಟಿ ಘನ ಮೀಟರ್ ನೀರು, 25 ಮೀಟರ್ ಎತ್ತರ, ಮೇಲೆ ಉಕ್ಕಿ ಹರಿದು ಒಡೆದದ್ದು ಎಂದಿಟ್ಟುಕೊಳ್ಳೋಣ. ಫ್ರೋಲಿಕ್ ಅವರ 2008ರ ಸೂತ್ರದಂತೆ ಸರಾಸರಿ ಅಗಲ ಸುಮಾರು 87 ಮೀಟರ್, ಸಮಯ ಒಂದು ಗಂಟೆ. ಅವರದೇ 1995ರ ಸೂತ್ರದಂತೆ ಶಿಖರ ಹರಿವು ಸೆಕೆಂಡಿಗೆ ಸುಮಾರು 4,700 ಘನ ಮೀಟರ್. ಅಂಕಿಗಳು ಅಚ್ಚುಕಟ್ಟಾಗಿ ಕಾಣುತ್ತವೆ. ಆದರೆ ಇಂಥ ಸೂತ್ರಗಳ ಅನಿಶ್ಚಿತತೆಯನ್ನು ಅಮೆರಿಕದ ಎಂಜಿನಿಯರ್ ಟೋನಿ ವಾಲ್ 2004ರಲ್ಲಿ ಲೆಕ್ಕ ಹಾಕಿದಾಗ ಅಗಲದಲ್ಲಿ ಸುಮಾರು ಎರಡು ಪಟ್ಟು ಆಚೀಚೆ, ಸಮಯದಲ್ಲಿ ಹತ್ತು ಪಟ್ಟಿನವರೆಗೆ ಆಚೀಚೆ ಕಂಡುಬಂತು. ಒಂದು ಗಂಟೆ ಎಂದರೆ ಹತ್ತಿಪ್ಪತ್ತು ನಿಮಿಷವೂ ಆಗಬಹುದು, ಕೆಲವು ಗಂಟೆಗಳೂ ಆಗಬಹುದು.

ಇದು ತಿಳಿದಾಗ ಕೈಚೆಲ್ಲಬೇಕೆನಿಸುತ್ತದೆ. ಬೇಕಿಲ್ಲ. ಈ ಅನಿಶ್ಚಿತತೆ ಎಲ್ಲ ಕಡೆಯೂ ಒಂದೇ ತೂಕದ್ದಲ್ಲ. ಅಣೆಕಟ್ಟೆಯ ಬುಡದ ಕೆಲವು ಕಿಲೋಮೀಟರಿನಲ್ಲಿ ಕಂಡಿಯ ಸಮಯವೇ ಸರ್ವಸ್ವ. ಕೆಳಗೆ ಹೋದಂತೆ ಅಗಲ ಬಯಲು ಅಲೆಯನ್ನು ಹೀರಿ ಚಪ್ಪಟೆ ಮಾಡುತ್ತದೆ. ಸಾಕಷ್ಟು ದೂರದಲ್ಲಿ ಬೇಗ ತೆರೆದ ಕಂಡಿಗೂ ನಿಧಾನ ತೆರೆದದ್ದಕ್ಕೂ ಮಟ್ಟದಲ್ಲಿ ವ್ಯತ್ಯಾಸ ತೀರಾ ಕಡಿಮೆ. ಅಲ್ಲಿ ಲೆಕ್ಕಕ್ಕೆ ಬರುವುದು ನೀರಿನ ಒಟ್ಟು ಗಾತ್ರ, ನೆಲದ ಎತ್ತರ ಮತ್ತು ಒರಟುತನ. ಎಷ್ಟು ದೂರಕ್ಕೆ ಈ ಬದಲಾವಣೆ ಆಗುತ್ತದೆ ಎನ್ನುವುದನ್ನು ಕಂಡಿಯ ಮೂರು ನಾಲ್ಕು ಲೆಕ್ಕಗಳನ್ನು ಓಡಿಸಿ ಒಂದರ ಮೇಲೊಂದು ಇಟ್ಟು ನೋಡಿದರೆ ತಿಳಿಯುತ್ತದೆ. ಕಣಿವೆ ಇಕ್ಕಟ್ಟಾಗಿದ್ದರೆ ಅದು ಬಹಳ ದೂರ. ಕಾಂಕ್ರೀಟ್ ಅಣೆಕಟ್ಟೆಯ ಬಗೆ ಬೇರೆ. ಅದರ ಖಂಡಗಳು ನಿಮಿಷಗಳಲ್ಲಿ ಮುರಿದು ಬೀಳುತ್ತವೆ, ಕಮಾನು ಅಣೆಕಟ್ಟೆಯಾದರೆ ಒಂದೇ ಏಟಿಗೆ.

ಒಂದರ ಕೆಳಗೊಂದು ಅಣೆಕಟ್ಟೆಗಳಿದ್ದಾಗ ಕೆಳಗಿನದ್ದನ್ನು ಒಂಟಿಯಾಗಿ ಲೆಕ್ಕ ಹಾಕುವಂತಿಲ್ಲ. 1975ರ ಆಗಸ್ಟಿನಲ್ಲಿ ಚೀನಾದ ಬಾಂಚಿಯಾವೊ ಅಣೆಕಟ್ಟೆ ಮತ್ತು ಅದೇ ಪ್ರದೇಶದ ಹತ್ತಾರು ಅಣೆಕಟ್ಟೆಗಳು ಒಂದೇ ಚಂಡಮಾರುತದಲ್ಲಿ ಹೋದವು. 2023ರ ಸೆಪ್ಟೆಂಬರಿನಲ್ಲಿ ಲಿಬಿಯಾದ ಡೆರ್ನಾ ಪಟ್ಟಣದ ಮೇಲಿದ್ದ ಎರಡೂ ಒಡ್ಡುಗಳು ಒಂದೇ ರಾತ್ರಿ ಒಡೆದು ಸಾವಿರಾರು ಜನ ಸತ್ತರು. ಅವು ಕಣಿವೆಯಲ್ಲಿ ಮೇಲೊಂದು ಕೆಳಗೊಂದು ಇದ್ದವು.

ಕೊನೆಗೆ ಇದೆಲ್ಲ ನಕ್ಷೆಯ ಮೇಲೆ ಒಂದು ನೀಲಿ ಗೆರೆಯಾಗುತ್ತದೆ. 500ಕ್ಕೆ 1ರ ಇಳಿಜಾರಿನ ಬಯಲಿನಲ್ಲಿ ಮಟ್ಟದ 30 ಸೆಂ.ಮೀ. ಅನುಮಾನ ಎಂದರೆ ಆ ಗೆರೆ 150 ಮೀಟರ್ ಆಚೀಚೆ ಸರಿಯುತ್ತದೆ. ಅಷ್ಟು ಜಾಗದಲ್ಲಿ ಒಂದು ಬಡಾವಣೆ ಇರಬಹುದು. ಒಂದೇ ಗೆರೆಯ ಬದಲು ಒಂದು ಪಟ್ಟೆಯನ್ನು ಎಳೆದು, ಅದರೊಳಗಿನವರನ್ನೂ ತೆರವಿನ ಪಟ್ಟಿಗೆ ಸೇರಿಸಬೇಕು. ತುರ್ತು ಯೋಜನೆಯ ಕೋಷ್ಟಕದಲ್ಲಿ ಪ್ರತಿ ಊರಿಗೂ ನೀರು ಮೊದಲು ಮುಟ್ಟುವ ಸಮಯ ಒಂದು ಅಂಕಣ, ಶಿಖರದ ಸಮಯ ಇನ್ನೊಂದು. ಎರಡಕ್ಕೂ ಅತಿ ಬೇಗ ಬರುವ ಲೆಕ್ಕವನ್ನು ಮೊದಲು ಬರೆಯಬೇಕು. ಬಹಳಷ್ಟು ಕೋಷ್ಟಕಗಳಲ್ಲಿ ಇಲ್ಲದ ಮೂರನೆಯ ಅಂಕಣವೊಂದಿದೆ, ಊರಿನಿಂದ ಹೊರಹೋಗುವ ರಸ್ತೆ ಮುಳುಗುವ ಸಮಯ. ಊರು ದಿಬ್ಬದ ಮೇಲಿರುತ್ತದೆ, ರಸ್ತೆ ಹಳ್ಳವನ್ನು ದಾಟುವ ಮೋರಿ ತಗ್ಗಿನಲ್ಲಿರುತ್ತದೆ. ಮನೆಗಳಿಗೆ ನೀರು ಬರುವ ಎಷ್ಟೋ ಮೊದಲೇ ಆ ಮೋರಿಯ ಮೇಲೆ ಎದೆಮಟ್ಟದ ನೀರು ಹರಿಯುತ್ತಿರುತ್ತದೆ. ಎರಡು ಆಯಾಮದ ಮಾದರಿಯಿಂದ ಆ ಸಮಯವನ್ನು ಓದಿಕೊಳ್ಳಲು ಹತ್ತು ನಿಮಿಷ ಸಾಕು, ಮೋರಿ ಮಾದರಿಯಲ್ಲಿ ಇದ್ದರೆ.